ಹನ್ನೆರಡು ಗಣಕಕ್ಕೆ ಒಂದೇ ಹೆಸರು

ಹಳ್ಳಿಯೊಂದರ ಪ್ರೌಢಶಾಲೆ. ಅಲ್ಲೊಂದು ಕೋಣೆಯಲ್ಲಿ ಹನ್ನೆರಡು ಗಣಕಗಳು. ಅದೇ ಶಾಲೆಯಲ್ಲಿ ಓದಿ ಈಗ ಬಿ.ಸಿ.ಎ. ಕೊನೆಯ ವರ್ಷದಲ್ಲಿರುವ ಹುಡುಗನೊಬ್ಬ, ತನ್ನ ಪ್ರಾಜೆಕ್ಟಿಗೆಂದು ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಕಿರುಪರೀಕ್ಷೆ ನಡೆಸುವ ಪ್ರೋಗ್ರಾಂ ಒಂದನ್ನು ಬರೆದ. ಮಕ್ಕಳು ಗಣಕದ ಮುಂದೆ ಕೂತು ಇಪ್ಪತ್ತೈದು ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ಅಂಕ ಪರದೆಯ ಮೇಲೆ ಒಮ್ಮೆ ಕಾಣಿಸಿಕೊಂಡು, ಬಳಿಕ ಗಣಿತದ ಮೇಡಂ ಅವರ ಲ್ಯಾಪ್‌ಟಾಪಿಗೆ ಹೋಗಿ ಸೇರಬೇಕು. ಯಾವ ಉತ್ತರ ಯಾರದೆಂದು ತಿಳಿಯಲು ಆತ ಸುಲಭದ ದಾರಿಯೊಂದನ್ನು ಹಿಡಿದ. ಪ್ರತಿಯೊಂದು ಗಣಕಕ್ಕೂ ಅದರದೇ ಆದ ಒಂದು ಸಂಖ್ಯೆ ಇರುತ್ತದೆ, ಅದನ್ನು ಓದಿಕೊಂಡರಾಯಿತು. ಯಾವ ಗಣಕದ ಮುಂದೆ ಯಾವ ಮಗು ಕೂತಿತ್ತು ಎಂಬ ಪಟ್ಟಿ ಹೇಗೂ ಮೇಡಂ ಬಳಿ ಇದ್ದೇ ಇದೆಯಲ್ಲ!

ಪರೀಕ್ಷೆ ಮುಗಿಯಿತು. ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳಿಗೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು. ಗಣಿತದಲ್ಲಿ ಅಷ್ಟು ಅಂಕ ಅವಳು ಹಿಂದೆಂದೂ ಕಂಡಿರಲಿಲ್ಲ. ಮೇಡಂ ಲ್ಯಾಪ್‌ಟಾಪ್ ತೆರೆದು ನೋಡಿದರೆ ಹನ್ನೆರಡು ಸಾಲುಗಳ ಬದಲು ಒಂದೇ ಒಂದು ಸಾಲು. ಕಟ್ಟಕಡೆಗೆ ಉತ್ತರ ಕಳಿಸಿದ ಮಗುವಿನದು ಮಾತ್ರ ಉಳಿದು, ಮಿಕ್ಕ ಹನ್ನೊಂದು ಮಕ್ಕಳ ಉತ್ತರಗಳು ಅದರಡಿಯಲ್ಲಿ ಅಳಿಸಿಹೋಗಿದ್ದವು.

"ಏನಪ್ಪಾ ಇದು, ಹನ್ನೆರಡು ಮಕ್ಕಳೂ ಸೇರಿ ಒಂದೇ ಪೇಪರು ಬರೆದರೇನು?" ಎಂದು ಮೇಡಂ ಕೇಳಿದರು.

"ಒಂದು ಗಣಕದ ನಂಬರು ಇನ್ನೊಂದಕ್ಕೆ ಇರೋದೇ ಇಲ್ಲ ಅಂತ ಓದಿದ್ದೆ ಮೇಡಂ..." ಹುಡುಗನ ಮಾತು ಅಲ್ಲಿಗೇ ನಿಂತಿತು.

ಅವನು ಓದಿದ್ದು ಸುಳ್ಳೇನಲ್ಲ. ಆ ಕೋಣೆಯ ಗಣಕಗಳಲ್ಲಿದ್ದುದು ಲಿನಕ್ಸ್. ಇಂದಿನ ಬಹುಪಾಲು ಲಿನಕ್ಸ್ ಗಣಕಗಳಲ್ಲಿ ಮೆಷಿನ್-ಐಡಿ ಎಂಬ ಪುಟ್ಟ ಕಡತವೊಂದಿದೆ. ಅದರಲ್ಲಿ 32 ಅಕ್ಷರಗಳ ಒಂದೇ ಸಾಲು. ಸೊನ್ನೆಯಿಂದ ಒಂಬತ್ತರ ಅಂಕಿಗಳು ಮತ್ತು ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರಗಳು ಮಾತ್ರ. ಆಪರೇಟಿಂಗ್ ಸಿಸ್ಟಂ ಹಾಕಿದಾಗಲೋ ಮೊದಲ ಸಲ ಗಣಕ ಚಾಲೂ ಆದಾಗಲೋ ಸಾಮಾನ್ಯವಾಗಿ ಈ ಸಂಖ್ಯೆ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಹುಟ್ಟುತ್ತದೆ. ಹಾಗೆ ಹುಟ್ಟಿದ ಎರಡು ಸಂಖ್ಯೆಗಳು ಒಂದೇ ಆಗುವ ಸಂಭವ ಇಲ್ಲವೆಂದರೂ ನಡೆಯುತ್ತದೆ. ಆದರೆ ಆ ಕೋಣೆಯನ್ನು ಸಜ್ಜುಗೊಳಿಸಿದವರು ಹನ್ನೆರಡು ಸಲ ಸಿಸ್ಟಂ ಹಾಕುವ ತೊಂದರೆ ತೆಗೆದುಕೊಂಡಿರಲಿಲ್ಲ. ಒಂದಕ್ಕೆ ಹಾಕಿ, ಅದರ ಡಿಸ್ಕನ್ನು ಉಳಿದ ಹನ್ನೊಂದಕ್ಕೆ ಇದ್ದಹಾಗೇ ನಕಲು ಮಾಡಿದ್ದರು. ಸಂಖ್ಯೆಯೂ ಜೊತೆಯಲ್ಲೇ ನಕಲಾಯಿತು. ನಕಲು ಮಾಡುವ ಮುನ್ನ ಆ ಕಡತವನ್ನು ಬರಿದು ಮಾಡಿದ್ದರೆ ಪ್ರತಿ ಗಣಕವೂ ತಾನು ಎದ್ದಾಗ ತನ್ನದೇ ಸಂಖ್ಯೆಯನ್ನು ಹುಟ್ಟಿಸಿಕೊಳ್ಳುತ್ತಿತ್ತು. ಎರಡು ನಿಮಿಷದ ಕೆಲಸ.

ಇಂಥ ಎಡವಟ್ಟು ಹಳ್ಳಿಯ ಶಾಲೆಗೇ ಮೀಸಲೆಂದು ಯಾರೂ ಎಣಿಸಬೇಕಿಲ್ಲ. ಹೆಸರಾಂತ ತಯಾರಕರೊಬ್ಬರ ಜನಪ್ರಿಯ ಆಂಡ್ರಾಯ್ಡ್ ಫೋನಿನ ಅಷ್ಟೂ ಪ್ರತಿಗಳು ಒಂದೇ ಆಂಡ್ರಾಯ್ಡ್ ಐಡಿ ಹೇಳುತ್ತಿದ್ದ ವಿಷಯವನ್ನು 2011ರಲ್ಲಿ ಆಂಡ್ರಾಯ್ಡ್ ತಂಡದವರೇ ಬರೆದುಕೊಂಡಿದ್ದಾರೆ. 2020ರ ಜೂನ್‌ನಲ್ಲಿ ಉತ್ತರ ಪ್ರದೇಶದ ಮೀರತ್ ಪೊಲೀಸರು 13,500ಕ್ಕೂ ಹೆಚ್ಚು ಫೋನುಗಳು ಒಂದೇ ಐ.ಎಂ.ಇ.ಐ. ಸಂಖ್ಯೆಯಲ್ಲಿ ನಡೆಯುತ್ತಿವೆ ಎಂದು ತಿಳಿಸಿದ್ದರು. ಗಣಕದ ಮದರ್‌ಬೋರ್ಡುಗಳದು ಇನ್ನೂ ತಮಾಷೆ. ಅವುಗಳ ಕ್ರಮಸಂಖ್ಯೆ ಕೇಳಿದರೆ ಕೆಲವು ಬೋರ್ಡುಗಳು 'ತಯಾರಕರು ಇಲ್ಲಿ ತುಂಬತಕ್ಕದ್ದು' ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನೇ ಉತ್ತರವಾಗಿ ಕೊಡುತ್ತವೆ. ತುಂಬಬೇಕಾದವರು ತುಂಬಲೇ ಇಲ್ಲ! ಆ ವಾಕ್ಯವನ್ನೇ ಗಣಕದ ಗುರುತೆಂದು ನಂಬಿ ಕೂತ ಪ್ರೋಗ್ರಾಮಿಗೆ ಅಂಥ ಬೋರ್ಡುಗಳೆಲ್ಲ ಒಂದೇ ಗಣಕ. ಆದ್ದರಿಂದ ಸಂಖ್ಯೆಯನ್ನು ಓದಿದ ಪ್ರೋಗ್ರಾಂ ಮೊದಲು ಅದನ್ನು ಸಂಶಯದಿಂದ ನೋಡಬೇಕು. ಕಡತ ಇದೆಯೇ? ಖಾಲಿಯೇ? 32 ಅಕ್ಷರಗಳು ಇವೆಯೇ? ಎಲ್ಲವೂ ಸೊನ್ನೆಯೇ? ಬ್ಯಾಂಕಿನ ಗುಮಾಸ್ತರು ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡುತ್ತಾರಲ್ಲ, ಹಾಗೆ.

ಇಷ್ಟೇ ಆಗಿದ್ದರೆ ಕತೆ ಸಣ್ಣದು. ಆದರೆ ಹುಡುಗ ಇನ್ನೊಂದು ಕೆಲಸ ಮಾಡಿದ್ದ. ಏನು ತಪ್ಪಾಗಿದೆ ನೋಡಿ ಹೇಳಿ ಎಂದು, ಗಣಕದ ಸಂಖ್ಯೆ ಹಾಗೂ ಮಕ್ಕಳ ಹೆಸರುಗಳಿದ್ದ ಪಟ್ಟಿಯನ್ನು ತನ್ನ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಮೇಡಂಗೆ ಸಿಟ್ಟು ಬಂದದ್ದು ಅಂಕ ಅಳಿಸಿಹೋದದ್ದಕ್ಕಿಂತ ಇದಕ್ಕೇ. ಅವರ ಸಿಟ್ಟು ಮಕ್ಕಳ ಹೆಸರು ಹೊರಹೋಯಿತೆಂದು. ನ್ಯಾಯವೇ. ಆದರೆ ಆ ಬರಿಯ ಸಂಖ್ಯೆಯೂ ಹೊರಹೋಗಬಾರದಿತ್ತು. ಮೆಷಿನ್-ಐಡಿಯ ಕೈಪಿಡಿಯಲ್ಲಿ ಅದನ್ನು ಗೋಪ್ಯವೆಂದು ಭಾವಿಸಬೇಕು, ನಂಬಿಕೆಯಿಲ್ಲದ ಕಡೆ, ಅದರಲ್ಲೂ ಜಾಲದ ಮೇಲೆ, ಬಯಲು ಮಾಡಬಾರದು ಎಂದು ಸ್ಪಷ್ಟವಾಗಿಯೇ ಇದೆ.

ಬರಿಯ ಒಂದು ಸಂಖ್ಯೆಯಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಒಂದೆಡೆ ಇದ್ದರೆ ಏನೂ ಆಗದು. ಹತ್ತು ಕಡೆ ಅದೇ ಸಂಖ್ಯೆ ಇದ್ದರೆ ಅದು ಹತ್ತು ಹಾಳೆಗಳನ್ನು ಪೋಣಿಸುವ ದಾರವಾಗುತ್ತದೆ. ಆಟದ ಪ್ರೋಗ್ರಾಂ ಒಂದರಲ್ಲಿ ಹೆಸರಿಲ್ಲ, ಸಂಖ್ಯೆ ಇದೆ. ಔಷಧಿ ತರಿಸುವ ಪ್ರೋಗ್ರಾಮಿನಲ್ಲಿ ಸಂಖ್ಯೆಯೂ ಇದೆ, ಹೆಸರೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟವನಿಗೆ ಆಟ ಆಡಿದವರು ಯಾರು, ಅವರ ಕಾಯಿಲೆ ಯಾವುದು ಎಂಬುದೆಲ್ಲ ತಿಳಿಯಿತು. 2012ರ ಸೆಪ್ಟೆಂಬರಿನಲ್ಲಿ ಆಪಲ್ ಸಾಧನಗಳ ಹತ್ತು ಲಕ್ಷ ಗುರುತುಸಂಖ್ಯೆಗಳು ಬಯಲಿಗೆ ಬಿದ್ದಾಗ ಅವುಗಳ ಜೊತೆಗೆ ಸಾಧನಗಳ ಹೆಸರುಗಳೂ ಇದ್ದವು. ಸಾಧನಕ್ಕೆ ಜನ ಇಡುವುದು ಬಹುಮಟ್ಟಿಗೆ ತಮ್ಮ ಹೆಸರನ್ನೇ ತಾನೆ? 2013ರ ಮೇ 1ರಿಂದ ಆ ಸಂಖ್ಯೆಯನ್ನು ಓದುವ ಹೊಸ ಪ್ರೋಗ್ರಾಮುಗಳನ್ನು ಆಪಲ್ ಸ್ವೀಕರಿಸುವುದನ್ನೇ ನಿಲ್ಲಿಸಿತು.

ಈ ಜಗಳ ಅದಕ್ಕಿಂತಲೂ ಹಳೆಯದು. 1999ರಲ್ಲಿ ಇಂಟೆಲ್ ತನ್ನ ಪೆಂಟಿಯಂ 3 ಚಿಪ್ಪಿನಲ್ಲಿ 96 ಬಿಟ್‌ಗಳ ಕ್ರಮಸಂಖ್ಯೆಯನ್ನು ಅಚ್ಚೊತ್ತಿ ಮಾರುಕಟ್ಟೆಗೆ ತಂದಾಗ ಅಮೆರಿಕದ ಖಾಸಗಿತನದ ಹೋರಾಟಗಾರರು ಬಹಿಷ್ಕಾರದ ಕರೆಯನ್ನೇ ಕೊಟ್ಟರು. ಮುಂದಿನ ಪೆಂಟಿಯಂ 4ರಲ್ಲಿ ಅದು ಇರಲಿಲ್ಲ. ಅದೇ ವರ್ಷ ಇನ್ನೊಂದು ಗುಟ್ಟು ಹೊರಬಿತ್ತು. ಆಗಿನ ಮೈಕ್ರೋಸಾಫ್ಟ್ ಆಫೀಸಿನಲ್ಲಿ ಬರೆದ ಕಡತಗಳೊಳಗೆ ಬರೆದವರಿಗೆ ಗೊತ್ತಿಲ್ಲದಂತೆ ಒಂದು ಗುರುತು ಸೇರುತ್ತಿತ್ತು, ಅದರಲ್ಲಿ ಆ ಗಣಕದ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ ಅಡಗಿರುತ್ತಿತ್ತು. ಆ ಬಗೆಯ ಗುರುತನ್ನು ಕಟ್ಟುವ ರೀತಿ ಸ್ವಾರಸ್ಯವಾದದ್ದು: ಕಾರ್ಡಿನ ಸಂಖ್ಯೆ ಮತ್ತು ಹೊತ್ತು ಎರಡನ್ನೂ ಜೋಡಿಸುವುದು. ಹೊತ್ತನ್ನು ಎಣಿಸುವುದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ, ಅದೂ 1582ರ ಅಕ್ಟೋಬರ್ 15ರಿಂದ! ಅದು ಗ್ರೆಗೊರಿಯನ್ ಪಂಚಾಂಗ ಜಾರಿಗೆ ಬಂದ ದಿನ. ಒಂದರಂತೆ ಇನ್ನೊಂದು ಇರದಂತೆ ಮಾಡುವ ಆ ಜಾಣತನವೇ, ಬರೆದ ಗಣಕವನ್ನು ಹಿಡಿದುಕೊಡುತ್ತಿತ್ತು.

ಹಾಗಾದರೆ ಗುರುತು ಬೇಕೇ ಬೇಕಾದ ಪ್ರೋಗ್ರಾಂ ಏನು ಮಾಡಬೇಕು? ವಿಶ್ವವಿದ್ಯಾಲಯಗಳ ಪರೀಕ್ಷೆಗಳಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಉತ್ತರಪತ್ರಿಕೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಬೇರೊಂದು ಸಂಕೇತ ಸಂಖ್ಯೆ ಹಾಕುತ್ತಾರೆ. ಮೌಲ್ಯಮಾಪಕರಿಗೆ ಒಂದು ಪತ್ರಿಕೆಯನ್ನು ಇನ್ನೊಂದರಿಂದ ಬೇರೆಮಾಡಲು ಅಷ್ಟು ಸಾಕು. ವಿದ್ಯಾರ್ಥಿ ಯಾರೆಂದು ಅವರಿಗೆ ತಿಳಿಯುವುದಿಲ್ಲ. ಗಣಕದಲ್ಲೂ ಅಷ್ಟೇ. ಮೂಲ ಸಂಖ್ಯೆಯನ್ನೂ ಪ್ರೋಗ್ರಾಮಿನ ಸ್ವಂತ ಗುರುತನ್ನೂ ಸೇರಿಸಿ, ಹಿಂದಕ್ಕೆ ಬಿಡಿಸಲಾಗದ ಗಣಿತಕ್ರಿಯೆಯೊಂದರಲ್ಲಿ ರುಬ್ಬಿದರೆ ಹೊಸ ಸಂಖ್ಯೆ ಬರುತ್ತದೆ. ಅದೇ ಗಣಕದಲ್ಲಿ ಅದೇ ಪ್ರೋಗ್ರಾಮಿಗೆ ಎಂದೂ ಅದೇ ಸಂಖ್ಯೆ. ಬೇರೆ ಪ್ರೋಗ್ರಾಮಿಗೆ ಬೇರೆಯದು. ದಾರ ಕಡಿಯಿತು. ಲಿನಕ್ಸಿನಲ್ಲಿ ಇದಕ್ಕೆ ಸಿದ್ಧ ಸೌಲಭ್ಯವೇ ಇದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8 ಕೂಡ ಸುಮಾರಾಗಿ ಇದೇ ತತ್ತ್ವ ಹಿಡಿದು, ಬೇರೆ ಬೇರೆ ತಯಾರಕರ ಪ್ರೋಗ್ರಾಮುಗಳಿಗೆ ಬೇರೆ ಬೇರೆ ಐಡಿ ಕೊಡತೊಡಗಿತು. 2019ರ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಪ್ರೋಗ್ರಾಮುಗಳಿಗೆ ಐ.ಎಂ.ಇ.ಐ. ಸಿಗುವುದೇ ಇಲ್ಲ.

ಇಲ್ಲೊಂದು ಹೊಂಡವಿದೆ. ಸಂಖ್ಯೆಯನ್ನು ಸುಮ್ಮನೆ ರುಬ್ಬಿಬಿಟ್ಟರೆ ಗುಟ್ಟು ಉಳಿಯಿತೆಂದು ಎಷ್ಟೋ ಜನ ತಿಳಿಯುತ್ತಾರೆ. ಐ.ಎಂ.ಇ.ಐ.ಯನ್ನೇ ನೋಡಿ. ಅದರಲ್ಲಿ 15 ಅಂಕಿಗಳು. ಮೊದಲ ಎಂಟು ಫೋನಿನ ಮಾದರಿಯವು. ಕೊನೆಯದು ಉಳಿದವುಗಳ ಲೆಕ್ಕದಿಂದ ಬರುವ ತಾಳೆ ಅಂಕಿ. ಉಳಿದದ್ದು ಆರೇ ಅಂಕಿ, ಎಂದರೆ ಹತ್ತು ಲಕ್ಷ ಸಾಧ್ಯತೆಗಳು. ಮಾದರಿ ತಿಳಿದವನು ಆ ಹತ್ತು ಲಕ್ಷವನ್ನೂ ತಾನೇ ರುಬ್ಬಿ ತಾಳೆ ನೋಡಿದರೆ ಮುಗಿಯಿತು. ಗಣಕಕ್ಕೆ ಅದು ಒಂದು ಗುಟುಕು ಕಾಫಿ ಕುಡಿಯುವಷ್ಟರ ಕೆಲಸ. ನೆಟ್‌ವರ್ಕ್ ಕಾರ್ಡಿನ 48 ಬಿಟ್‌ಗಳಲ್ಲೂ ಸಾಮಾನ್ಯವಾಗಿ ಮೊದಲ 24 ತಯಾರಕರವು. ಹುಡುಕಬೇಕಾದದ್ದು 1,67,77,216 ಮಾತ್ರ. ದೊಡ್ಡ ಸಂಖ್ಯೆಯೆಂದು ನಮಗೆ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಚೀಟಿ ಎತ್ತಿ ಪಡೆದ 128 ಬಿಟ್‌ಗಳಿಗೇ ಈ ಹುಡುಕಾಟವನ್ನು ತಡೆಯುವ ಶಕ್ತಿ ಇರುವುದು.

ಹುಡುಗ ಇವನ್ನೆಲ್ಲ ಓದಿಕೊಂಡು ಮತ್ತೊಮ್ಮೆ ಪ್ರೋಗ್ರಾಂ ಬರೆಯಲು ಕೂತ. ಬರೆಯುತ್ತ ಹೋದಂತೆ ಅವನಿಗೆ ಹೊಳೆದದ್ದು ಬೇರೆಯೇ. ಗಣಕದ ಸಂಖ್ಯೆ ಅವನಿಗೆ ಬೇಕಾಗಿಯೇ ಇರಲಿಲ್ಲ! ತಿಳಿಯಬೇಕಾದದ್ದು ಮಗು ಯಾರೆಂದು, ಗಣಕ ಯಾವುದೆಂದಲ್ಲ. ಮನೆಯಲ್ಲಿ ಅಮ್ಮನ ಒಂದು ಫೋನಿನಲ್ಲಿ ಮೂವರು ಮಕ್ಕಳು ಪಾಠ ಓದುವ ಊರು ಅದು. ಯಂತ್ರದ ಗುರುತನ್ನು ಮಗುವಿನ ಗುರುತೆಂದು ಹಿಡಿದರೆ ಮೊದಲನೆಯವನು ಪರೀಕ್ಷೆ ಬರೆದ ಮೇಲೆ ತಂಗಿಯರಿಬ್ಬರಿಗೂ 'ನೀವು ಈಗಾಗಲೇ ಉತ್ತರಿಸಿದ್ದೀರಿ' ಎಂದೇ ಉತ್ತರ ಬರುತ್ತದೆ.

ಹೊಸ ಪ್ರೋಗ್ರಾಂ ಮೆಷಿನ್-ಐಡಿಯನ್ನು ಮುಟ್ಟುವುದಿಲ್ಲ. ಮೊದಲು ತರಗತಿಯ ಹಾಜರಿ ಸಂಖ್ಯೆಯನ್ನು ಕೇಳುತ್ತದೆ. ಪ್ರತಿ ಸಲದ ಪರೀಕ್ಷೆಗೂ ತಾನೇ ಒಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸಿಕೊಂಡು ಉತ್ತರಗಳಿಗೆ ಅಂಟಿಸುತ್ತದೆ. ಒಂದರ ಮೇಲೊಂದು ಬೀಳುವ ಭಯವಿಲ್ಲ. ಹೆಸರುಗಳ ಪಟ್ಟಿ ಮೇಡಂ ಅವರ ಹಾಜರಿ ಪುಸ್ತಕದಲ್ಲೇ ಉಳಿಯಿತು. ವಾಟ್ಸಾಪ್ ಗುಂಪಿನಿಂದ ಪಟ್ಟಿಯನ್ನು ಅಳಿಸಲು ಹೋದರೆ ಅಳಿಸುವ ಅವಧಿ ಮೀರಿತ್ತು. ಹುಡುಗ ಗೆಳೆಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ "ತೆಗೆದುಬಿಡೋ ಮಾರಾಯ" ಎಂದು ಹೇಳಬೇಕಾಯಿತು.

ಮರುವಾರ ಹನ್ನೆರಡು ಮಕ್ಕಳೂ ಮತ್ತೆ ಕೂತರು. ಈ ಸಲ ಲ್ಯಾಪ್‌ಟಾಪಿನಲ್ಲಿ ಹನ್ನೆರಡು ಸಾಲುಗಳು ಬಂದವು. ಕಿಟಕಿಯ ಪಕ್ಕದ ಹುಡುಗಿಗೆ ಇಪ್ಪತ್ತೊಂದು. ಮೊದಲ ಸಲ ಇಪ್ಪತ್ನಾಲ್ಕು ಬಂದಿತ್ತು ಎಂದು ಅವಳು ಹೇಳಿದಳು; ಮೇಡಂ ನಂಬಿದರು, ಆದರೆ ಪುಸ್ತಕದಲ್ಲಿ ಬರೆದುಕೊಂಡದ್ದು ಇಪ್ಪತ್ತೊಂದನ್ನೇ.