ಜಗುಲಿಯಲ್ಲಿ ನಿಲ್ಲಿಸಿದ ಅತಿಥಿ

ಮನೆಗೆ ಬಂದವರನ್ನು ಬಾಗಿಲಲ್ಲಿಯೇ ನಿಲ್ಲಿಸಿ ಮಾತನಾಡಿಸುವುದು ನಮ್ಮ ವಂಶದಲ್ಲಿಲ್ಲದ ಪದ್ಧತಿ. ಸಾಲ ಕೇಳಲು ಬಂದವನಾಗಲಿ, ಕೊಟ್ಟ ಸಾಲವನ್ನು ವಸೂಲು ಮಾಡಲು ಬಂದವನಾಗಲಿ, ಒಳಗೆ ಬಂದು ಕುಳಿತು ಕಾಫಿ ಕುಡಿದ ಮೇಲೆಯೇ ಮಾತು. ಈ ಸದ್ಗುಣವು ನಮ್ಮ ಮನೆಯಲ್ಲಿ ಆರು ಜೀವಗಳನ್ನು ತೆಗೆಯಿತೆಂದರೆ ವಾಚಕರು ಗಾಬರಿಯಾಗಬಾರದು. ಸತ್ತವು ಮೀನುಗಳು. ಆದರೆ ಸತ್ತದ್ದು ನನ್ನ ಕೈಯಿಂದ.

ನಮ್ಮ ನಡುಮನೆಯಲ್ಲಿ ಐದಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ನಾನೂರು ಲೀಟರು ಉಪ್ಪುನೀರು. ಬೆಂಗಳೂರಿನಲ್ಲಿ ಕಡಲನ್ನು ಎಲ್ಲಿಂದ ತರೋಣ? ಶೋಧಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಪ್ರಕಾರ ಅಂಗಡಿಯ ಉಪ್ಪನ್ನು ಕದಡಿ ಮಾಡಿಕೊಂಡ ಸಮುದ್ರವದು. ಒಳಗೆ ಕಲ್ಲುಗಳು; ಕಲ್ಲುಗಳ ಮೇಲೆ ಅಣಬೆಯಂತೆ, ತೊಗಲಿನಂತೆ, ಬೆರಳಿನಂತೆ ಅರಳಿಕೊಂಡ ಮೃದುಹವಳಗಳು. ಇವು ಗೆಳೆಯರೊಬ್ಬರ ತೊಟ್ಟಿಯಲ್ಲಿ ಬೆಳೆದವುಗಳ ತುಂಡುಗಳು. (ನಮ್ಮ ಕಡಲಿನ ಗಟ್ಟಿಹವಳವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ, ಹುಲಿಯ ಪಂಕ್ತಿಗೆ, ಸೇರಿಸಿದ್ದಾರೆ. ಅದನ್ನು ಕಿತ್ತು ತರುವ ಯೋಚನೆ ಯಾರಿಗೂ ಬೇಡ.)

ಈ ಸಾಗರದ ಯಜಮಾನಿಕೆ ಕಿಟ್ಟಿ, ರುಕ್ಕು ಎಂಬ ಎರಡು ಕ್ಲೌನ್ ಮೀನುಗಳದು. ಕಿತ್ತಳೆಯ ಮೈಗೆ ಮೂರು ಬಿಳಿಯ ಪಟ್ಟೆ. ಕೃಷ್ಣ ರುಕ್ಮಿಣಿಯರನ್ನು ನೆನೆದು ಹೆಸರಿಟ್ಟವರು ಅಮ್ಮ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಹೆಣ್ಣಿನದೇ ಅಧಿಕಾರ; ನಮ್ಮ ಮನೆಯಲ್ಲಿ ಇದು ಯಾರಿಗೂ ಸೋಜಿಗವಾಗಿ ತೋರಲಿಲ್ಲ. ಅಮ್ಮ ಸ್ನಾನ ಮುಗಿಸಿ, ದೇವರ ಮುಂದೆ ದೀಪವಿಟ್ಟು, ಆ ಬಳಿಕ ತೊಟ್ಟಿಗೆ ಚಿಟಿಕೆ ಆಹಾರ ಹಾಕುವುದು ಆರು ವರ್ಷದ ನೇಮ. ಅವರ ಹೆಜ್ಜೆಯ ಸದ್ದಿಗೇ ರುಕ್ಕು ಗಾಜಿನ ಬಳಿಗೆ ಬಂದು ನಿಲ್ಲುತ್ತಿತ್ತು. ನಾನು ನಡೆದರೆ ಬರುತ್ತಿರಲಿಲ್ಲ. ಇವೆರಡಲ್ಲದೆ ಇನ್ನೈದು ಸಣ್ಣ ಮೀನುಗಳಿದ್ದವು.

2023ರ ಡಿಸೆಂಬರಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಸಂಭಾವನೆ ಕೈಗೆ ಬಂದಿತು. ಅದು ಸಂಸಾರಕ್ಕೆ ಸೇರದ ಹಣವೆಂಬುದು ಅಧ್ಯಾಪಕರಲ್ಲಿ ರೂಢಿಯಾದ ನಂಬಿಕೆ. ಬಹಳ ದಿನಗಳಿಂದ ಕಣ್ಣಿಟ್ಟಿದ್ದ ಪೌಡರ್ ಬ್ಲೂ ಟ್ಯಾಂಗ್ ಒಂದನ್ನು ಕೊಂಡೆ. ಹಿಂದೂ ಮಹಾಸಾಗರದ ಹವಳದ ದಂಡೆಗಳ ಮೀನು. ತಿಳಿಯಾಕಾಶದ ಮೈ, ಕರಿಯ ಮೋರೆ, ಬಿಳಿಯ ಕೊರಳು, ಬೆನ್ನಿನ ಮೇಲೆ ಹಳದಿಯ ರೆಕ್ಕೆ. ಅಂಗಡಿಯವರು ಪ್ರಾಮಾಣಿಕರು. “ಸಾರ್, ಈ ಮೀನಿಗೆ ಬಿಳಿಚುಕ್ಕೆ ಬೇಗ ಹತ್ತುತ್ತದೆ. ಒಂದೂವರೆ ತಿಂಗಳು ಬೇರೆ ಟ್ಯಾಂಕಿನಲ್ಲಿಟ್ಟು ನೋಡಿ, ಆಮೇಲೆ ಬಿಡಿ” ಎಂದರು. ಮನೆಯಲ್ಲಿ ಇನ್ನೊಂದು ತೊಟ್ಟಿಯೆಲ್ಲಿದೆ? ಮೀನು ನೋಡಿದರೆ ಲವಲವಿಕೆಯಿಂದಿದೆ. “ಅವರು ಹೇಳಿದ್ದನ್ನು ಕೇಳಬಾರದೇನ್ರೀ?” ಎಂದು ನನ್ನ ಹೆಂಡತಿ ಕೇಳಿದಳು. ಪಾಪ, ಇಷ್ಟು ದೂರ ಪ್ರಯಾಣ ಮಾಡಿ ಬಂದ ಜೀವವನ್ನು ಬೋಳು ತೊಟ್ಟಿಯಲ್ಲಿ ಸೆರೆಯಿಡುವುದೇ ಎಂದು ಅತಿಥಿಸತ್ಕಾರದ ಮೇಲೆ ಸಣ್ಣ ಉಪನ್ಯಾಸವನ್ನೇ ಮಾಡಿದೆ. ಅವಳು ನನ್ನ ವಿದ್ಯಾರ್ಥಿಗಳಂತೆ ಮೌನವಾಗಿ ಎದ್ದುಹೋದಳು. ಐದಡಿಯ ತೊಟ್ಟಿ ಆ ಮೀನಿನ ಓಡಾಟಕ್ಕೇ ಸಾಲದೆಂಬುದು ಬೇರೆಯ ಮಾತು. ಅದೂ ಆಗ ನನಗೆ ಬೇಡವಾಗಿತ್ತು.

ನಾಲ್ಕನೆಯ ದಿನ ಅದರ ರೆಕ್ಕೆಯ ಮೇಲೆ ರವೆಯ ಕಾಳಿನಂಥ ಬಿಳಿಯ ಚುಕ್ಕೆಗಳು ಕಂಡವು. ಮೈಯನ್ನು ಕಲ್ಲಿಗೆ ಉಜ್ಜತೊಡಗಿತು. ಬೆಳ್ಳುಳ್ಳಿಯ ರಸದಲ್ಲಿ ಆಹಾರ ನೆನೆಸಿ ಹಾಕಿರಿ ಎಂದರು ಒಬ್ಬರು. ಹಾಕಿದೆ. ಮೀನಿನ ಮೈ ಶುಚಿ ಮಾಡುವ ಸೀಗಡಿ ಬಿಡಿರಿ ಎಂದರು ಇನ್ನೊಬ್ಬರು. ಬಿಟ್ಟೆ. ಏಳನೆಯ ದಿನ ಬೆಳಿಗ್ಗೆ ನೋಡಿದರೆ ಒಂದು ಚುಕ್ಕೆಯೂ ಇಲ್ಲ! ಹೆಂಡತಿಯನ್ನು ಕರೆದು ತೋರಿಸಿದೆ. ಅಂದಿನ ನನ್ನ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಚುಕ್ಕೆಗಳು ಗುಣವಾಗಿರಲಿಲ್ಲ, ಇಳಿದುಹೋಗಿದ್ದವು ಅಷ್ಟೆ. ತೀರ ಸಣ್ಣ ಪರೋಪಜೀವಿ ಇದು; ಶಾಸ್ತ್ರದಲ್ಲಿ ಕ್ರಿಪ್ಟೋಕ್ಯಾರಿಯಾನ್ ಎಂದು ಹೆಸರು. ಮೀನಿನ ಹೊರಚರ್ಮದ ಅಡಿಯಲ್ಲಿ ಹೊಕ್ಕು ಕೆಲವು ದಿನ ತಿಂದು ಕೊಬ್ಬುತ್ತದೆ. ಚರ್ಮದೊಳಗಿರುವುದರಿಂದ ಸೀಗಡಿಗೆ ಎಟುಕದು. ಬಳಿಕ ಮೀನನ್ನು ಬಿಟ್ಟು ಕಲ್ಲಿಗೋ ಮರಳಿಗೋ ಅಂಟಿ, ಸುತ್ತ ಗಟ್ಟಿಯಾದ ಕೋಶ ಕಟ್ಟಿಕೊಂಡು, ಒಳಗೆ ಒಡೆದೊಡೆದು ನೂರಾರಾಗುತ್ತದೆ. ಕೋಶ ಬಿರಿದಾಗ ಆ ನೂರಾರು ಮರಿಗಳು ಈಜಿಕೊಂಡು ಮೀನನ್ನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಸಾಗರದಲ್ಲಿ ಬಹುಪಾಲು ಸತ್ತೇ ಹೋಗುತ್ತವೆ. ಅಲ್ಲಿ ನೀರಿಗೆ ಎಲ್ಲೆಯಿಲ್ಲ. ನನ್ನ ಸಾಗರಕ್ಕೆ ಐದಡಿಯ ಎಲ್ಲೆ. ಹನ್ನೆರಡನೆಯ ದಿನ ಎಂಟು ಮೀನುಗಳ ಮೈಮೇಲೂ ರವೆ ಚೆಲ್ಲಿದಂತಿತ್ತು.

ಇದಕ್ಕೆ ಮದ್ದಿಲ್ಲವೆಂದಲ್ಲ. ತಾಮ್ರ ಹಳೆಯ ಮದ್ದು. ನೀರಿನಲ್ಲಿ ಈಜುತ್ತಿರುವ ಮರಿಗಳನ್ನು ಅದು ಕೊಲ್ಲುತ್ತದೆ. ಆದರೆ ಹವಳವನ್ನೂ ಸೀಗಡಿಯನ್ನೂ ಬಸವನಹುಳುವನ್ನೂ ಕೊಲ್ಲುತ್ತದೆ. ಕಲ್ಲುಗಳು ಅದನ್ನು ಹೀರಿ ಇಟ್ಟುಕೊಳ್ಳುತ್ತವೆ. ಆದ್ದರಿಂದ ರೋಗಿಗಳನ್ನೇ ಹೊರಕ್ಕೆ ಸಾಗಿಸಬೇಕು. ಅಂಗಡಿಯವರು ಮೊದಲೇ ಕೊಳ್ಳಲು ಹೇಳಿದ್ದ ಚಿಕ್ಕ ತೊಟ್ಟಿಯನ್ನು ಅಂದು ಸಂಜೆ ಓಡಿಹೋಗಿ ಕೊಂಡುತಂದೆ. ಆರು ವರ್ಷ ಜೋಡಿಸಿದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟುಗಳಿಗೆ ತುಂಬಿ ರಾತ್ರಿ ಎರಡು ಗಂಟೆಯವರೆಗೆ ಬಲೆಯಾಡಿಸಿದೆವು. ಹೆಂಡತಿ ಟಾರ್ಚು ಹಿಡಿದಿದ್ದಳು. ಉಪನ್ಯಾಸದ ಮಾತನ್ನು ಅವಳು ಎತ್ತಲಿಲ್ಲ.

ಹೊಸ ತೊಟ್ಟಿಯಲ್ಲಿ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯ ಇನ್ನೂ ನೆಲೆಗೊಂಡಿರಲಿಲ್ಲ. ಅಮೋನಿಯ ಏರಿತು. ದಿನಕ್ಕೆ ಎರಡು ಸಲ ನೀರು ಬದಲಿಸಿದೆ. ತಾಮ್ರ ಕಡಮೆಯಾದರೆ ರೋಗ ಸಾಯದು, ಹೆಚ್ಚಾದರೆ ಮೀನು ಉಳಿಯದು; ನಾನು ಬಳಸಿದ ಬಗೆಗೆ ಹತ್ತು ಲಕ್ಷಕ್ಕೆ ಎರಡು ಭಾಗ. ನೀರು ಬದಲಿಸಿದಾಗಲೆಲ್ಲ ಮತ್ತೆ ಅಳೆಯಬೇಕು. ಮೊದಲು ಹೋದದ್ದು ನೀಲಿಯ ಅತಿಥಿ. ಅನಂತರ ಸಣ್ಣವು ನಾಲ್ಕು. ಐದನೆಯ ರಾತ್ರಿ ರುಕ್ಕು ನೀರಿನ ಮೇಲ್ಭಾಗಕ್ಕೆ ಬಂದು ಏದುತ್ತಿತ್ತು. ಈ ರೋಗ ಕಿವಿರನ್ನೂ ಹಿಡಿಯುತ್ತದೆ. ಹೊರಗೆ ಕಾಣುವ ಚುಕ್ಕೆಗಳು ಲೆಕ್ಕದ ಒಂದಂಶ ಮಾತ್ರ. ಬೆಳಿಗ್ಗೆ ಅಮ್ಮ ಎಂದಿನಂತೆ ಬಂದರು. ರುಕ್ಕು ಆ ಹೆಜ್ಜೆಯ ಸದ್ದಿಗೆ ಗಾಜಿನ ಕಡೆಗೆ ತಿರುಗಲು ನೋಡಿತು. ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಮ್ಮನೇ ಅದನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ ತುಳಸಿಯ ಕುಂಡದ ಪಕ್ಕದಲ್ಲಿ ಹೂಳಿದ್ದರು. ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತೇನೋ.

ಉಳಿದವರು ಕಿಟ್ಟಿ ಮತ್ತು ಕಲ್ಲಿನ ಸಂದಿಯಲ್ಲಿ ಬಾಳುವ ಗೋಬಿ ಎಂಬ ಮೀನು, ಇಬ್ಬರೇ. ಅವರು ಗುಣವಾದರೂ ಮನೆಗೆ ಹಿಂದಿರುಗುವಂತಿರಲಿಲ್ಲ. ಕೋಶಗಳು ಕಲ್ಲಿನ ಮೇಲಿದ್ದವಲ್ಲ! ಈ ಕೋಶ 72 ದಿನದವರೆಗೆ ಬಿರಿಯದೆ ಕಾದ ದಾಖಲೆಯಿದೆಯಂತೆ. ಮೀನು ಸಾಕುವವರು ಅದಕ್ಕೆ ನಾಲ್ಕು ದಿನ ಸೇರಿಸಿ 76 ಎನ್ನುತ್ತಾರೆ. ಅಷ್ಟು ದಿನ ದೊಡ್ಡ ತೊಟ್ಟಿಯಲ್ಲಿ ಒಂದು ಮೀನೂ ಇರಕೂಡದು. ಮೀನಿಲ್ಲದೆ ರೋಗ ತಾನೇ ಹಸಿದು ಸಾಯಬೇಕು. ಆ 76 ದಿನ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು, ಅಲೆ ಏಳುತ್ತಿತ್ತು, ಹವಳಗಳು ಎಂದಿಗಿಂತ ಚೆನ್ನಾಗಿ ಅರಳಿದ್ದವು. ಮಕ್ಕಳೆಲ್ಲ ಪರಊರಿಗೆ ಹೋದ ಮನೆಯಂತಿತ್ತು. ಬಂದವರು “ಏನು ಚೆಂದ!” ಎನ್ನುತ್ತಿದ್ದರು. ಅಮ್ಮ ಮೂರು ದಿನ ಮರೆತು ಅಲ್ಲಿಗೇ ಆಹಾರದ ಡಬ್ಬಿ ಹಿಡಿದು ಬಂದರು. ನಾಲ್ಕನೆಯ ದಿನದಿಂದ ನೇರವಾಗಿ ಹಿತ್ತಿಲ ಕೋಣೆಯ ಚಿಕ್ಕ ತೊಟ್ಟಿಗೆ ಹೋದರು.

ಕ್ವಾರಂಟೈನ್ ಎಂಬ ಶಬ್ದ ಹುಟ್ಟಿದ್ದು ವೆನಿಸ್ಸಿನ ಆಡುಮಾತಿನ ನಲವತ್ತು ಎಂಬ ಎಣಿಕೆಯಿಂದ. ಇಂದು ಡುಬ್ರೋವ್ನಿಕ್ ಎನಿಸಿರುವ ರಗೂಸಾ ಬಂದರು 1377ರಲ್ಲಿ, ಪಿಡುಗಿನ ಊರುಗಳಿಂದ ಬಂದವರು ಮೂವತ್ತು ದಿನ ಹೊರಗೆ ತಂಗಿದ ಮೇಲೆಯೇ ಒಳಕ್ಕೆ ಬರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಮೂವತ್ತು ನಲವತ್ತಾಯಿತು. ಇದನ್ನು ಓದಿ ತಿಳಿಯುವ ಅಗತ್ಯವೇ ನನಗಿರಲಿಲ್ಲ. 2020ರ ಮಾರ್ಚಿಯಲ್ಲಿ ದುಬೈಯ ತಮ್ಮನ ಮನೆಯಿಂದ ಬಂದಾಗ ನನ್ನ ಕೈಯ ಮೇಲೆಯೇ ಮುದ್ರೆ ಒತ್ತಿದ್ದರು. ಹದಿನಾಲ್ಕು ದಿನ ಇದೇ ಹಿತ್ತಿಲ ಕೋಣೆಯಲ್ಲಿದ್ದೆ. ಅಮ್ಮ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ದೂರ ನಿಂತು, ತಮ್ಮ ಅಜ್ಜಿಯಿಂದ ಕೇಳಿದ ಪ್ಲೇಗಿನ ಕಾಲದ ಕಥೆ ಹೇಳುತ್ತಿದ್ದರು: ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದುದು, ಬೆಂಗಳೂರಿಂದ ಬಂದ ಮಗನಿಗೆ ತಾಯಿ ಊರ ಗಡಿಯ ಕಲ್ಲಿನ ಮೇಲೆ ಬುತ್ತಿಯಿಟ್ಟು ಕೂಗಿ ಹೇಳಿ ಹೋಗುತ್ತಿದ್ದುದು. ಮೂರು ವರ್ಷ ಕಳೆಯುವುದರೊಳಗೆ ನಾನು ಅದೆಲ್ಲವನ್ನೂ ಮರೆತೆ.

ಈಗ ಮಡಿಯಲ್ಲಿ ನಾನು ಅಮ್ಮನನ್ನೂ ಮೀರಿಸಿದ್ದೇನೆ. ಚಿಕ್ಕ ತೊಟ್ಟಿಯ ಬಲೆ ಬೇರೆ, ಬಕೆಟ್ಟು ಬೇರೆ, ಕೈ ತೊಳೆಯದೆ ಅತ್ತಣಿಂದ ಇತ್ತ ಬರುವಂತಿಲ್ಲ. “ಮುಟ್ಟಬೇಡ!” ಎಂದು ಮಗಳ ಮೇಲೆ ರೇಗಿದ ದಿನ ನನ್ನ ಧ್ವನಿ ನನಗೇ ಹಿಡಿಸಲಿಲ್ಲ. ಹೊರಗಿಡುವುದು ಎಂಬ ಮಾತು ನಮ್ಮ ನಾಡಿನಲ್ಲಿ ಒಳ್ಳೆಯ ನೆನಪುಗಳನ್ನು ತರುವ ಮಾತಲ್ಲ. ರೋಗವಿಲ್ಲದವರನ್ನು, ಗಡುವಿಲ್ಲದೆ, ತಲೆಮಾರುಗಟ್ಟಲೆ ಹೊರಗಿಟ್ಟವರು ನಾವು. ಮಗಳನ್ನು ಕರೆದು, ಯಾಕೆ ಮುಟ್ಟಬಾರದು, ಎಷ್ಟು ದಿನ ಮುಟ್ಟಬಾರದು ಎಂಬುದನ್ನು ಕುಳಿತು ಹೇಳಿದೆ. ಅವಳು ಕ್ಯಾಲೆಂಡರು ತಂದು ಗೋಡೆಗೆ ಹಾಕಿದಳು. ದಿನಕ್ಕೊಂದು ಗೀಟು. 76ನೆಯ ಗೀಟಿನ ದಿನ ಕಿಟ್ಟಿಯನ್ನು ದೊಡ್ಡ ತೊಟ್ಟಿಗೆ ಬಿಟ್ಟೆವು. ಅದು ರುಕ್ಕು ಮಲಗುತ್ತಿದ್ದ ಮೂಲೆಗೆ ಹೋಗಿ ನಿಂತಿತು.

ಈಗ ಆ ಕ್ಯಾಲೆಂಡರಿನ ಮೇಲೆ ಹೊಸ ಗೀಟುಗಳು ಬೀಳುತ್ತಿವೆ. ಹಿತ್ತಿಲ ಕೋಣೆಯಲ್ಲಿ ಬೆರಳಿನ ಅರ್ಧದಷ್ಟಿರುವ ಕ್ಲೌನ್ ಮೀನೊಂದು ಪ್ಲಾಸ್ಟಿಕ್ ಕೊಳವೆಯ ತುಂಡಿನಲ್ಲಿ ಬಿಡಾರ ಮಾಡಿದೆ. ಮೂವತ್ತು ದಿನ ತಾಮ್ರ, ಮೇಲೆ ಹದಿನೈದು ದಿನ ಬರಿಯ ನೀರು. ತನಗಿಂತ ಚಿಕ್ಕ ಜೊತೆ ಬಂದರೆ ಕಿಟ್ಟಿಯೇ ಕಾಲಕ್ರಮದಲ್ಲಿ ಹೆಣ್ಣಾಗುತ್ತದೆ. ಈ ಮೀನುಗಳ ಸಂಸಾರ ಹಾಗೆ. ಲಿಂಗ ವಿಭಕ್ತಿಗಳನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ಪಥ್ಯವಾಗಲು ಸ್ವಲ್ಪ ಕಾಲ ಬೇಕಾಯಿತು. ಹೆಸರು ಬದಲಿಸಬೇಕೆ ಎಂದು ಮಗಳು ಕೇಳುತ್ತಿದ್ದಾಳೆ.

ಮೊನ್ನೆ ಮೂವತ್ತೆಂಟನೆಯ ಗೀಟು. ಮೀನು ಪಟಪಟನೆ ತಿನ್ನುತ್ತಿದೆ, ಮೈ ನಿರ್ಮಲವಾಗಿದೆ, ನನಗೆ ಮತ್ತೆ ಅತಿಥಿಸತ್ಕಾರದ ಚಪಲ. “ಇನ್ನೇನಮ್ಮ, ಬಿಟ್ಟುಬಿಡೋಣವೇ?” ಎಂದೆ. ಅಮ್ಮ ಚಿಟಿಕೆ ಆಹಾರವನ್ನು ನೀರಿಗೆ ಹಾಕುತ್ತ, ತಲೆಯೆತ್ತದೆ ಹೇಳಿದರು:

“ಆಷಾಢ ಕಣೋ. ಹೊಸಬರು ಕೂಡಬಾರದು. ಇನ್ನೊಂದು ವಾರ ಕಳೆಯಲಿ.”