ನಮಗೂ ಒಂದ್ ಪಾರ್ಟ್ ಕೊಡ್ರಿ

ವೈನಿ ಫೋನ್ ಮಾಡಿದಾಗೆಲ್ಲಾ ಒಂದ ಮಾತು ಕೇಳತಾರ: "ನಿಮ್ಮ ಸಾಗರದ ಕಡೆ ಯಾವುದೋ ಹಳ್ಳಿಯೊಳಗ ನಾಟಕದ ಸಾಲಿ ಅದ ಅಂತಲ್ಲ, ಅಲ್ಲೆ ನಮ್ಮಂಥಾ ಮನಿ ಹೆಣ್ಣಮಕ್ಕಳದೇನರೆ ಕೆಲಸ ಇರತದೇನ?" ಮೌಶಿನೂ ಅದನ್ನ ಕೇಳತಾಳ. ಒಬ್ಬೊಬ್ಬರಿಗೆ ಹೇಳೂಕಿಂತ ಎಲ್ಲಾರಿಗೂ ಕೂಡೇ ಬರದು ಬಿಡತೇನಿ. ಚಹಾಕ್ಕ ಇಟ್ಟು ಓದ್ರಿ.

ನಮ್ಮ ಧಾರವಾಡದ ಕಡೆ ನಾಟಕಕ್ಕೇನೂ ಬರಾ ಇಲ್ಲ. ಜಾತ್ರಿ ಬಂತಂದ್ರ ಕಂಪನಿ ತಂಬೂ ಬಂತು. ಊರಾಗಿನ ಹುಡುಗರು ತಾವ ನಾಟಕಾ ಆಡಿದ್ರ ಹೆಣ್ಣಿನ ಪಾರ್ಟಿಗೆ ಹೊರಗಿನಿಂದ ಕಲಾವಿದೆಯರನ್ನ ರೊಕ್ಕಾ ಕೊಟ್ಟು ಕರಸತಿದ್ರು. ಊರಿನ ಹೆಣ್ಣಮಕ್ಕಳ ಪಾಲಿಗೆ ಏನು ಬರತಿತ್ತು? ಬಂದವ್ರಿಗೆ ರೊಟ್ಟಿ ಬಡಿಯೂದು. ಮಂಗಳಾರತಿ ಆಗೂ ಹೊತ್ತಿಗೆ ನಮ್ಮವ್ವ, ಕಾಕು ಎಲ್ಲಾ ಇನ್ನೂ ಪಾತೇಲಿ ತಿಕ್ಕೋತ ಇರತಿದ್ರು. ಹಿಂಗಾಗಿ "ಎಲ್ಲಾರೂ ಬರ್ರಿ" ಅಂತ ಯಾರರೆ ಅಂದ್ರ, ಯಾವ ಬಾಗಲದಿಂದ ಬರೂದು, ಹಿತ್ತಲದ್ದೋ ಮುಂದಿಂದೋ, ಅನ್ನೂದನ್ನ ಮೊದಲ ಕೇಳೂದು ನನ್ನ ಚಟಾ.

ವೈನಿ ಕೇಳಿದ ಹಳ್ಳಿ ಹೆಗ್ಗೋಡು. ಸಾಗರದಿಂದ ಸುಮಾರು 8 ಕಿಲೋಮೀಟರ್. ಸುತ್ತೆಲ್ಲಾ ಅಡಿಕಿ ತೋಟ. ಅಲ್ಲೆ 1949ರಾಗ ಊರಿನವ್ರ ಕೂಡಿ ಒಂದು ಸಂಘಾ ಕಟ್ಟಿದ್ರು, ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ. ಅದನ್ನ ಸಣ್ಣ ಮಾಡಿ ನೀನಾಸಂ ಅಂತಾರ. ಅದನ್ನ ಬೆಳಸಿದ ಕೆ.ವಿ. ಸುಬ್ಬಣ್ಣನವ್ರು ತಾವೂ ಅಡಿಕಿ ಬೆಳೆಯೂ ಮನಿತನದವ್ರ. 1991ರಾಗ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಅದ. 1980ರಾಗ ನಾಟಕದ ಸಾಲಿ ಸುರು ಆತು, 1985ರಾಗ ತಿರುಗಾಟ.

ತಿರುಗಾಟ ಅಂದ್ರ ಹೆಸರು ಹೇಳಿದಂಗ. ಒಂದು ತಂಡ ನಾಟಕಾ ಕಲತು, ಸಾಮಾನು ಕಟಗೊಂಡು, ತಿಂಗಳಗಟ್ಟಲೆ ಊರೂರು ತಿರುಗತದ. ನಮ್ಮ ಧಾರವಾಡಕ್ಕೂ ಬರತದ. ಕರಸೂ ಊರಿನವ್ರು ಜಾಗಾ, ಊಟ, ವಸತಿ ನೋಡಕೋಬೇಕು. ನನಗ ಭಾಳ ಸೇರಿದ್ದೇನಂದ್ರ, ಸಂಜಿಕ್ಕ ರಾಜಾನ ಪಾರ್ಟ್ ಮಾಡಾಂವ ಮುಂಜಾನೆ ಗಾಡಿಯಿಂದ ಪೆಟಿಗಿ ಇಳಸತಿರತಾನ. ರಾಣಿ ಪಡದೆ ಕಟ್ಟತಿರತಾಳ. ದೊಡ್ಡ ಪಾರ್ಟಿನವರಿಗೊಂದು, ಸಣ್ಣವರಿಗೊಂದು ಅಂತ ಕೆಲಸದಾಗ ಪಂಕ್ತಿಭೇದ ಇಲ್ಲ. ನಾಟಕಕ್ಕ ಸೇರಬೇಕಂದ್ರ ಮಾತ ಬರಬೇಕು, ಬಣ್ಣ ಇರಬೇಕು ಅಂತೇನಿಲ್ಲ; ಗಂಟ ಹಾಕಲಿಕ್ಕೆ ಬರೂ ಕೈಗೂ ಅಲ್ಲೆ ಕೆಲಸಾ ಅದ.

ಇನ್ನೊಂದು ಹೇಳತೇನಿ. ಯಲ್ಲಾಪುರ ತಾಲೂಕಿನ ಮಂಚಿಕೇರಿ ಕಡೆ ಸಿದ್ದಿ ಜನಾ ಅದಾರ. ಅವರ ಹಿರ್ಯಾರು ಆಫ್ರಿಕಾದಿಂದ ಬಂದವ್ರು. 80ರ ದಶಕದಾಗ ಚಿದಂಬರರಾವ್ ಜಂಬೆಯವ್ರು ಅವರ ನಡುವ ಹೋಗಿ, ನೈಜೀರಿಯಾದ ಚಿನುವಾ ಅಚಿಬೆ ಬರದ ಕಾದಂಬರಿಯಿಂದ ಮಾಡಿದ ನಾಟಕಾನ ಅವರ ಕಡೆಯಿಂದನ ಆಡಸಿದ್ರು. ವಿಚಾರ ಮಾಡ್ರಿ, ಅವರನ್ನ ಇನ್ನೊಬ್ಬರಂಗ ಆಗ್ರಿ ಅನ್ನಲಿಲ್ಲ; ಅವರಿಗೆ ಹೊಂದೂ ಕಥಿನ ಹುಡುಕಿದ್ರು. ಮುಂದ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಅಂಥವ್ರು ನೀನಾಸಂನಾಗ ಕಲತು ನಾಟಕ, ಸಿನೆಮಾದಾಗ ಹೆಸರು ಮಾಡಿದ್ರು.

ಇದನ್ನೆಲ್ಲಾ ನೋಡಕೋತ, ಕೇಳಕೋತ ಇದ್ದ ನಮ್ಮ ಓಣಿ ಹೆಣ್ಣಮಕ್ಕಳಿಗೆ ಹೋದ ವರ್ಷ ಹುರುಪು ಬಂತು. ಗಣಪತಿ ಹಬ್ಬಕ್ಕ ನಾವ ಒಂದು ನಾಟಕಾ ಮಾಡೂದು! ಹನ್ನೊಂದು ಮಂದಿ ಕೂಡಿದ್ವಿ. ಹತ್ತನೆತ್ತಾ ಹುಡುಗಿಯಿಂದ ಹಿಡದು ಎಪ್ಪತ್ತರ ಅಜ್ಜಿ ತನಕಾ. ಅಜ್ಜಿಗೆ ಮೊಣಕಾಲು ಬ್ಯಾನಿ, ಅದಕ್ಕ ಅವರ ಪಾರ್ಟ್ ಪೂರಾ ಕುರ್ಚಿ ಮ್ಯಾಲೆ ಕೂತ ಮಾಡೂಹಂಗ ಬರದ್ವಿ. ತಾಲೀಮು ಸಂಜಿಮುಂದ ಮೂರೂವರಿಯಿಂದ ಐದರ ತನಕಾ. ಯಾಕಂದ್ರ ಊಟದ ಭಾಂಡಿ ಮುಗದಿರತಾವ, ಹುಡುಗ್ರು ಸಾಲಿಯಿಂದ ಬರಬೇಕಾಗಿರತದ. ರಾತ್ರಿ ಎಂಟಕ್ಕ ಅಂತ ಇಟ್ಟಿದ್ರ ಒಬ್ಬರೂ ಬರತಿದ್ದಿಲ್ಲ, ಆಮ್ಯಾಲೆ "ಹೆಂಗಸರಿಗೆ ಆಸಕ್ತಿನ ಇಲ್ಲ" ಅಂತ ಗಂಡಸರು ಅಂತಿದ್ರು.

ಕಥಿ ಅತ್ತಿ-ಸೊಸಿದು, ನಮ್ಮಜ್ಜಿ ಹೇಳತಿದ್ದದ್ದು. ಎರಡನೇ ದಿನಾ ತಾಲೀಮು ನಡದಾಗ, ಓಣಿಯೊಳಗ ನಾಕ ಮನಿ ಪಾತ್ರಿ ತೊಳೆಯೂ ಅಕ್ಕ ಬಾಗಲದಾಗ ನಿಂತು ನೋಡಿದ್ಲು. ಮೂರನೇ ದಿನಾನೂ ನಿಂತ್ಲು. ನಾಕನೇ ದಿನಾ ಕೇಳೇ ಬಿಟ್ಲು: "ನಂಗೂ ಒಂದು ಪಾಲ್ಟು ಕೊಡ್ತೀರಾ ಅಮ್ಮ?"

ಎಲ್ಲಾರೂ ಸುಮ್ಮ. ಆಗ ಕುರ್ಚಿ ಅಜ್ಜಿ ಅಂದ್ರು, "ಅತ್ತೆ ಪಾರ್ಟಿಗೆ ಗಟ್ಟಿ ಗಂಟಲು ಬೇಕಿತ್ತಲ್ಲ. ಇವಳೇ ಮಾಡ್ಲಿ."

ಬಂತು ನೋಡ್ರಿ ಪೇಚು. ಸೊಸಿ ಪಾರ್ಟ್ ಮಾಡಾಕಿ, ಅಕ್ಕ ದಿನಾ ಪಾತ್ರಿ ತೊಳೆಯೂ ಮನಿ ಯಜಮಾನತಿ. ನಾಟಕದಾಗ ಸೊಸಿ ಅತ್ತಿಗೆ ಎಲಿ ಹಾಕಿ ಬಡಸಬೇಕು, ಉಂಡ ಎಲಿ ತಗೀಬೇಕು, ಕಾಲಿಗೆ ಬೀಳಬೇಕು. ಅವರು ಎರಡ ದಿನಾ ತಾಲೀಮಿಗೆ ಬರಲಿಲ್ಲ. "ತಲಿನೋವು" ಅಂತ ಹೇಳಿ ಕಳಸಿದ್ರು. ಯಾರೂ ಅವರನ್ನ ಬೈಯಲಿಕ್ಕೆ ಹೋಗಲಿಲ್ಲ, ಅಕ್ಕನ ಪಾರ್ಟೂ ಬದಲಸಲಿಲ್ಲ. ಅವರ ಮಾತು ಹತ್ತನೆತ್ತಾ ಹುಡುಗಿ ಓದಿದ್ಲು, ಕೆಲಸ ನಡೀತು.

ಅಕ್ಕಗ ಓದಲಿಕ್ಕೆ ಬರೂದಿಲ್ಲ. ಆದ್ರ ಎರಡು ಸಲ ಕೇಳಿದ್ರ ಸಾಕು, ತನ್ನ ಮಾತಷ್ಟ ಅಲ್ಲ, ಎಲ್ಲಾರ ಮಾತೂ ಬಾಯಿಪಾಠ. ಮೂರನೇ ದಿನಾ ಯಜಮಾನತಿ ಬಂದ್ರು. ಎಲಿ ಹಾಕೂ ಜಾಗಾಕ್ಕ ಬಂದು ಮಾತು ಮರತು ನಿಂತ್ರು. ಅಕ್ಕ ಎಲಿ ಮುಂದ ಕೂತಾಕಿ, ತಲಿ ಎತ್ತದನ, ಅತ್ತಿ ದನಿಯೊಳಗ ಅಂದ್ಲು: "ಏನೇ, ಉಪ್ಪು ಬಡ್ಸೋಕೆ ಮರ್ತೆಯಾ?" ಅದು ಬರದ ಮಾತಲ್ಲ. ಯಜಮಾನತಿಗೆ ನಗಿ ತಡೀಲಿಲ್ಲ. ನಗಕೋತನ ಬಗ್ಗಿ ಉಪ್ಪು ಬಡಸಿದ್ರು. ಆ ಮಾತು ನಾಟಕದಾಗ ಹಂಗ ಉಳೀತು. ಹಬ್ಬದ ದಿನಾ ಎಲ್ಲಾಕ್ಕಿಂತ ಹೆಚ್ಚು ಚಪ್ಪಾಳಿ ಬಿದ್ದದ್ದೂ ಅಲ್ಲೆ.

ಇದರಿಂದ ಓಣಿ ಪೂರಾ ಬದಲಾತು ಅಂತ ಸುಳ್ಳ ಹೇಳೂದಿಲ್ಲ. ಅಕ್ಕ ಈಗೂ ನಾಕ ಮನಿ ಪಾತ್ರಿ ತೊಳೀತಾಳ. ಆದ್ರ ತಾಲೀಮಿನ ಚಹಾ ಎಲ್ಲಾರಿಗೂ ಒಂದ ತರಹದ ಕಪ್ಪಿನ್ಯಾಗ ಬಂತು, ಈಗ ಆ ಯಜಮಾನತಿ ಮನಿಯೊಳಗೂ ಅಕ್ಕಗ ಬ್ಯಾರೆ ಲೋಟಾ ಇಲ್ಲ. ಒಂದು ನಾಟಕ ಇಷ್ಟು ಮಾಡಿದ್ರ ಸಣ್ಣದಲ್ಲ.

ವೈನಿ, ನಿಮ್ಮ ಕಾಲೋನಿಗೆ ತಿರುಗಾಟ ಕರಸಬೇಕಂತೀರಲ್ಲ, ಕರಸ್ರಿ. ಆದ್ರ ಮೊದಲ ಸಭಾದಾಗನ ಒಂದು ಮಾತು ಗಟ್ಟಿ ಮಾಡಕೋರಿ: ಊಟದ ಕೆಲಸಾ ಗಂಡಸರು, ಹೆಂಗಸರು ಪಾಳಿ ಹಚ್ಚಿ ಮಾಡೂದು, ನಾಟಕಾ ಸುರು ಆಗೂಕಿಂತ ಮೊದಲ ಅಡಿಗಿ ಮನಿ ಬಾಗಲಾ ಹಾಕೂದು. ಕಾಲು ಬ್ಯಾನಿ ಇದ್ದವ್ರಿಗೆ ಮುಂದಿನ ಸಾಲಿನ್ಯಾಗ ಕುರ್ಚಿ ಇಡ್ರಿ. ಕೂಸಿದ್ದಾಕಿಗೆ ಬಾಗಲದ ಹಂತೇಲೆ ಜಾಗಾ ಕೊಡ್ರಿ, ಅತ್ತರ ಎದ್ದು ಹೋಗಿ ಮತ್ತ ಬರೂಹಂಗ. ಮತ್ತ ನಿಮ್ಮ ಮನಿ ಕೆಲಸಕ್ಕ ಬರಾಕಿನ್ನೂ ಕರೀರಿ, ಚಾಪಿ ಹಾಸಲಿಕ್ಕಲ್ಲ, ನೋಡಲಿಕ್ಕೆ.

ಮೌಶಿ, ನಿನ್ನ ಗಂಟಲು ಅಕ್ಕನ ಗಂಟಲಕ್ಕಿಂತ ಏನೂ ಕಮ್ಮಿ ಇಲ್ಲ. ದೀಪಾವಳಿಗೆ ಬಂದಾಗ ಕಥಿ ಹೇಳತೇನಿ. ಪಾರ್ಟ್ ನಿಂದ.