ಚಾರ್ಮಾಡಿಯ ತಿರುವಿನಲ್ಲಿ ಕೆಂಪು ದೀಪ

ಕೊಟ್ಟಿಗೆಹಾರದಲ್ಲಿ ಬಿಸಿಬಿಸಿ ನೀರುದೋಸೆ ತಿಂದು ಹೊರಗೆ ಬಂದರೆ ಎದುರಿಗಿನ ರಸ್ತೆಯೇ ಕಾಣದಷ್ಟು ಮಂಜು. ಆಗಸ್ಟ್ ತಿಂಗಳು. ಎರಡು ವಾರ ಬೆಂಗಳೂರಿನಲ್ಲಿ ನನ್ನ ಜತೆಗಿದ್ದ ಅಮ್ಮನನ್ನು ಉಜಿರೆಗೆ ಬಿಡಲು ಹೊರಟಿದ್ದೆ. ನೆಲಮಂಗಲ, ಹಾಸನ, ಬೇಲೂರು, ಮೂಡಿಗೆರೆ ದಾಟಿ ಇಲ್ಲಿವರೆಗೆ ಬಂದರೆ ನಮಗೆ ಊರು ತಲುಪಿದ ಹಾಗೇ. ಇನ್ನೇನು, ಚಾರ್ಮಾಡಿ ಘಾಟಿ ಇಳಿಯೋದು ಅಷ್ಟೇ.

ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಎಲ್ಲರಂತೆ ನಾವೂ ನಿಂತೆವು. ಅಮ್ಮ ಕಾಣಿಕೆ ಹಾಕಿ ಕೈಮುಗಿದರು. ಅಲ್ಲಿಂದ ಕೆಳಗೆ ಬಂಡೆಗಳ ಮೇಲಿಂದ ನೀರು ಧುಮುಕುತ್ತಿತ್ತು. ಅಮ್ಮ ಕಿಟಕಿ ಇಳಿಸಿ ನೋಡುತ್ತಾ ಕೂತಿದ್ದರು. ಒಂದು ಕಡಿದಾದ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಹೂಜಿಯಂಥ ಚಿತ್ರದ ಕೆಂಪು ದೀಪ ಮಿನುಗಿ ಆರಿತು. ಕಣ್ಣಿನ ಭ್ರಮೆ ಇರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಮತ್ತೆ ಬಂತು. ಈ ಸಲ ಎರಡು ಸೆಕೆಂಡ್ ಹಾಗೇ ಉರಿಯಿತು.

ಸ್ವಲ್ಪ ಸಪಾಟಾಗಿದ್ದ ಜಾಗ ನೋಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಮೊಬೈಲ್‌ನಲ್ಲಿ ನೆಟ್‌ವರ್ಕ್ ಇಲ್ಲ.

"ಎಂತ ಆಯ್ತು ಮಗಾ?"

"ಆಯಿಲ್ ಲೈಟ್ ಬಂತಮ್ಮ."

"ಮೊನ್ನೆಯಷ್ಟೇ ಒಳ್ಳೆ ಆಯಿಲ್ ಹಾಕಿಸಿದ್ದೇನೆ ಅಂತ ಅಪ್ಪನಿಗೆ ಹೇಳಿದ್ದೆಯಲ್ಲ?"

ಹೇಳಿದ್ದೆ, ನಿಜ. ಆದರೆ ಆ 'ಮೊನ್ನೆ'ಗೆ ಆಗಲೇ ಐದು ತಿಂಗಳು, ಆರು ಸಾವಿರ ಕಿಲೋಮೀಟರ್ ಆಗಿತ್ತು.

ಕಾರು ಅಪ್ಪನದು. 2011ರ ಸಣ್ಣ ಪೆಟ್ರೋಲ್ ಗಾಡಿ, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಕಣ್ಣು ಮಂಜಾಗುತ್ತಿದೆ ಅಂತ ಅಪ್ಪ ಅದನ್ನು ನನಗೆ ಕೊಟ್ಟಿದ್ದರು. ಅವರು ಪ್ರತಿ ಭಾನುವಾರ ಬಾನೆಟ್ ತೆಗೆದು, ಡಿಪ್‌ಸ್ಟಿಕ್ ಎಳೆದು, ಹಳೇ ಬನಿಯನ್ ತುಂಡಿನಿಂದ ಒರೆಸಿ ಎಣ್ಣೆ ಎಷ್ಟಿದೆ ಅಂತ ನೋಡುತ್ತಿದ್ದರು. ನನಗದು ನಿವೃತ್ತರ ಹವ್ಯಾಸದಂತೆ ಕಾಣುತ್ತಿತ್ತು. ಕಾರು ಕೈಗೆ ಬಂದ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ರವೀಂದ್ರ ಕಲಾಕ್ಷೇತ್ರದಿಂದ ಮಿನರ್ವ ವೃತ್ತದ ಕಡೆಗೆ ನಡೆದರೆ ಸಾಲುಸಾಲು ಬಿಡಿಭಾಗಗಳ ಅಂಗಡಿ. ಹಾರ್ನ್, ಬೇರಿಂಗ್, ಸೀಟ್ ಕವರ್, ಗೋಪುರದಂತೆ ಪೇರಿಸಿಟ್ಟ ಎಣ್ಣೆ ಕ್ಯಾನುಗಳು. ಒಂದು ಅಂಗಡಿಯವರು ಕೇಳಿದರು: "ಯಾವ ಗಾಡಿ? ಯಾವ ಗ್ರೇಡು?" ನಾನು ಇಂಜಿನಿಯರಿಂಗ್ ಓದಿದವನಲ್ಲವೇ, ಇದ್ದುದರಲ್ಲೇ ಹೊಸದು, ದುಬಾರಿಯದು ಕೊಡಿ ಅಂದೆ. ಫುಲ್ಲಿ ಸಿಂಥೆಟಿಕ್, 0ಡಬ್ಲ್ಯು-20. ಇನ್ನು ಹದಿನೈದು ಸಾವಿರ ಕಿಲೋಮೀಟರ್ ಈ ಕಡೆ ತಲೆಯೇ ಹಾಕಬೇಕಿಲ್ಲ ಅಂತ ನನಗೆ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಈಗ ಮಳೆಯಲ್ಲಿ ನೆನೆಯುತ್ತಾ ಡಿಪ್‌ಸ್ಟಿಕ್ ಎಳೆದೆ. ಒರೆಸಿ, ಮತ್ತೆ ಹಾಕಿ ತೆಗೆದೆ. ಕೆಳಗಿನ ಗುರುತಿನವರೆಗೂ ಎಣ್ಣೆಯಿಲ್ಲ, ತುದಿಯಲ್ಲಿ ಒಂದು ಹನಿ ಮಾತ್ರ.

ಆ ಕೆಂಪು ದೀಪ ಹೇಳುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಎಣ್ಣೆ ಕಡಿಮೆಯಿದ್ದಾಗ ಇಳಿಜಾರಿನ ತಿರುವಿನಲ್ಲಿ ಇದ್ದಬದ್ದ ಎಣ್ಣೆಯೂ ಒಂದು ಪಕ್ಕಕ್ಕೆ ಸರಿಯುತ್ತದೆ, ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬೇರಿಂಗ್‌ಗಳಲ್ಲಿ ಲೋಹಕ್ಕೆ ಲೋಹ ಉಜ್ಜದಂತೆ ತಡೆಯುವ ಎಣ್ಣೆಯ ಪದರವೇ ಹರಿದುಹೋಗಬಹುದು. ದೀಪ ಬಂದ ಮೇಲೂ 'ಊರು ಹತ್ತಿರವೇ ಇದೆ' ಅಂತ ಓಡಿಸಿದರೆ ಇಂಜಿನ್ ಹಿಡಿದುಕೊಂಡು ನಿಂತೇಬಿಡಬಹುದು. ನಾನು ನಿಲ್ಲಿಸಿದ್ದು ಮಾತ್ರ ಆ ದಿನ ಮಾಡಿದ ಬುದ್ಧಿವಂತ ಕೆಲಸ.

ಅರ್ಧ ಗಂಟೆಯ ಮೇಲೆ ತರಕಾರಿ ತುಂಬಿದ ಸಣ್ಣ ಲಾರಿಯೊಂದು ಬಂತು. ಡ್ರೈವರ್ ಇಳಿದು ಡಿಪ್‌ಸ್ಟಿಕ್ ನೋಡಿ ನಾಲಿಗೆ ಕಚ್ಚಿಕೊಂಡ. ಸೀಟಿನ ಹಿಂದಿನಿಂದ ಅರ್ಧ ತುಂಬಿದ ಕ್ಯಾನ್ ತಂದ. ಡೀಸೆಲ್ ಗಾಡಿಯ 15ಡಬ್ಲ್ಯು-40, ಸಾದಾ ಮಿನರಲ್ ಆಯಿಲ್.

"ಒಳಗಿರೋದು ಸಿಂಥೆಟಿಕ್ ಕಣಣ್ಣ. ಮಿಕ್ಸ್ ಮಾಡಬಾರ್ದು ಅಂತಾರಲ್ಲ?"

"ಒಳಗೆ ಏನೂ ಇಲ್ವಲ್ಲ ಸಾರ್, ಯಾವುದರ ಜೊತೆ ಮಿಕ್ಸ್ ಆಗುತ್ತೆ?"

ಅಮ್ಮ ನಕ್ಕುಬಿಟ್ಟರು. ನೀರಿನ ಬಾಟಲಿಯ ತಳ ಕತ್ತರಿಸಿ ಆಲಿಕೆ ಮಾಡಿ ಒಂದು ಲೀಟರಿಗಿಂತ ಜಾಸ್ತಿಯೇ ಸುರಿದ. ಐನೂರು ಕೊಡಹೋದರೆ ಮುನ್ನೂರು ಸಾಕು ಅಂದ. ಸ್ಟಾರ್ಟ್ ಮಾಡಿದ ಮೇಲೆ ದೀಪ ಬರಲಿಲ್ಲ. ನಿಧಾನ ಇಳಿದು ಉಜಿರೆ ಸೇರುವಾಗ ಕತ್ತಲಾಗಿತ್ತು. ಅಪ್ಪ ಏನೂ ಬಯ್ಯಲಿಲ್ಲ. "ನಾಳೆ ಗ್ಯಾರೇಜಿಗೆ ಹೋಗುವ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗ್ಯಾರೇಜಿನವರು ಮೊದಲು ಗೇಜ್ ಸಿಕ್ಕಿಸಿ ಎಣ್ಣೆಯ ಒತ್ತಡ ನೋಡಿದರು. ಇಂಜಿನ್ ಉಳಿದಿದೆ ಅಂದಾಗ ಅಪ್ಪ ಸ್ಟೂಲಿನ ಮೇಲೆ ಕೂತರು. ಆಮೇಲೆ ನನ್ನ ವಿಚಾರಣೆ.

"ಬೆಳಗ್ಗೆ ಸ್ಟಾರ್ಟ್ ಮಾಡುವಾಗ ನೀಲಿ ಹೊಗೆ ಬರ್ತಿರಲಿಲ್ವಾ?"

ಬರುತ್ತಿತ್ತು. ಚಳಿಗೆ ಅಂದುಕೊಂಡಿದ್ದೆ.

"ವಾಲ್ವ್ ಸೀಲ್ ಗಟ್ಟಿಯಾಗಿದೆ, ಎಣ್ಣೆ ಕುಡಿಯುವ ಗಾಡಿ ಇದು. ಸಿಂಥೆಟಿಕ್ ಹಾಕಿದ್ದು ತಪ್ಪಲ್ಲ, ನಂಬರ್ ತಪ್ಪು. ಪುಸ್ತಕದಲ್ಲಿ 5ಡಬ್ಲ್ಯು-30 ಉಂಟು, ನೀವು ಅದಕ್ಕಿಂತ ತೆಳ್ಳಗಿನದು ಹಾಕಿದ್ದೀರಿ."

ಅಲ್ಲೇ ಕೂತು ನಾನು ಮೊದಲೇ ಓದಬೇಕಿದ್ದ ಕೈಪಿಡಿ ಓದಿದೆ. 'ಡಬ್ಲ್ಯು' ಅಂದರೆ ವಿಂಟರ್. ಮೊದಲ ಸಂಖ್ಯೆ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಇಂಜಿನ್ ಬಿಸಿಯಾದಾಗ, ಅಂದರೆ 100 ಡಿಗ್ರಿಯಲ್ಲಿ, ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. 0ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಮೈನಸ್ 35 ಡಿಗ್ರಿಯಷ್ಟು ಚಳಿಯಲ್ಲಿ. ಬೆಂಗಳೂರು 10 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ! ಈಗಿನ ಅನೇಕ ಹೊಸ ಪೆಟ್ರೋಲ್ ಮತ್ತು ಹೈಬ್ರಿಡ್ ಕಾರುಗಳಿಗೆ 0ಡಬ್ಲ್ಯು-20 ಸರಿಯೇ, ಅವುಗಳ ಇಂಜಿನ್ ಮಾಡಿರುವುದೇ ಅದಕ್ಕೆ ತಕ್ಕಂತೆ. ಸವೆದ ಹಳೇ ಇಂಜಿನ್‌ನ ಸಂದುಗಳಲ್ಲಿ ಅಷ್ಟು ತೆಳ್ಳಗಿನ ಎಣ್ಣೆ ಸುಲಭವಾಗಿ ನುಸುಳಿ ಉರಿದುಹೋಗುತ್ತದೆ.

ಹಾಗಾದರೆ ಸಿಂಥೆಟಿಕ್ ಬೇಡವೇ? ಬೇಕು. ಮಿನರಲ್ ಎಣ್ಣೆಯಲ್ಲಿ ಸಣ್ಣ, ದೊಡ್ಡ ಎಲ್ಲ ಬಗೆಯ ಅಣುಗಳೂ ಬೆರೆತಿರುತ್ತವೆ. ಸಿಂಥೆಟಿಕ್‌ನಲ್ಲಿ ಹೆಚ್ಚುಕಮ್ಮಿ ಒಂದೇ ಬಗೆಯವು. ಕೆಲವನ್ನು ಸಣ್ಣ ಅಣುಗಳಿಂದ ಕಟ್ಟುತ್ತಾರೆ, ಕೆಲವನ್ನು ಕಚ್ಚಾತೈಲದಿಂದಲೇ ತೆಗೆದು ಹೈಡ್ರೋಜನ್ ಜತೆ ಭಾರೀ ಒತ್ತಡ, ಶಾಖದಲ್ಲಿ ಮಾರ್ಪಡಿಸುತ್ತಾರೆ. ಹಾಗಾಗಿ ಅದು ಬಿಸಿಗೆ ಬೇಗ ಕೆಡುವುದಿಲ್ಲ, ಚಳಿಗೆ ಬೇಗ ಗಟ್ಟಿಯಾಗುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಬಿಸಿಯಲ್ಲೇ ನಿಲ್ಲುವ ಕಾರಿಗೆ ಇದರಿಂದ ನಿಜಕ್ಕೂ ಪ್ರಯೋಜನವಿದೆ. ಟರ್ಬೊ ಇರುವ ಗಾಡಿಗಂತೂ ಇನ್ನೂ ಹೆಚ್ಚು. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊ ನಿಂತಿರುವುದೇ ಎಣ್ಣೆಯ ತೆಳು ಪದರದ ಮೇಲೆ.

ಆದರೆ ಎಷ್ಟೇ ಒಳ್ಳೆಯ ಎಣ್ಣೆಯಾದರೂ ಇಲ್ಲದಿರುವಾಗ ಕೆಲಸ ಮಾಡುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಸಪಾಟು ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿದರೆ ಸಾಕು. ಮಟ್ಟ ಏರಿದ್ದರೂ ಅನುಮಾನಿಸಿ. ಬಿಎಸ್-6 ಡೀಸೆಲ್ ಕಾರನ್ನು ಬರೀ ಊರೊಳಗೆ ಓಡಿಸಿದರೆ ಹೊಗೆಯ ಫಿಲ್ಟರ್ ತನ್ನನ್ನು ತಾನು ಸ್ವಚ್ಛ ಮಾಡಿಕೊಳ್ಳುವುದು ಅರ್ಧಕ್ಕೇ ನಿಂತು, ಡೀಸೆಲ್ ಇಳಿದು ಎಣ್ಣೆಗೆ ಸೇರಬಹುದು. ಆ ಕಾರುಗಳಿಗೆ ಕಡಿಮೆ ಬೂದಿ ಬಿಡುವ ಎಣ್ಣೆಯೇ ಬೇಕು. ಕಿಲೋಮೀಟರ್ ಆಗದಿದ್ದರೂ ಕೈಪಿಡಿ ಹೇಳಿದ ಅವಧಿ ಮುಗಿದರೆ ಬದಲಿಸಿ.

ವಾಲ್ವ್ ಸೀಲ್ ಹೊಸದು ಬಂತು, 5ಡಬ್ಲ್ಯು-30 ಸಿಂಥೆಟಿಕ್ ಎಣ್ಣೆಯೂ ಬಂತು. ಖಾಲಿ ಕ್ಯಾನಿಗೆ ಗ್ಯಾರೇಜಿನವರು ಮೊಳೆಯಿಂದ ತೂತು ಹೊಡೆದು ಎಸೆದರು. ಇಲ್ಲದಿದ್ದರೆ ಅದರಲ್ಲೇ ನಕಲಿ ತುಂಬಿ ಮಾರುವವರಿದ್ದಾರಂತೆ.

ಭಾನುವಾರ ಬೆಳಗ್ಗೆ ಹೊರಡುವಾಗ ಅಪ್ಪ ಡಿಕ್ಕಿಯಲ್ಲಿ ತೆಂಗಿನಕಾಯಿ, ಕುಚ್ಚಲಕ್ಕಿ ಚೀಲದ ಪಕ್ಕ ಒಂದು ಲೀಟರ್ ಎಣ್ಣೆ ಇಟ್ಟಿದ್ದರು, ಅದರ ಮೇಲೆ ಮಡಿಸಿದ ಬನಿಯನ್ ತುಂಡು. ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದೆ. ಮಂಜು ಹಾಗೇ ಇತ್ತು. ಒಂದು ಚಹಾ ಕುಡಿದು ಬಾನೆಟ್ ಎತ್ತಿದೆ.

"ಗಾಡಿ ಕೆಟ್ಟೋಯ್ತಾ ಸಾರ್?" ಹೋಟೆಲಿನ ಹುಡುಗ ಕೇಳಿದ.

"ಇಲ್ಲಪ್ಪ, ಸುಮ್ನೆ ನೋಡ್ತಿದೀನಿ" ಅಂದೆ. ಎಣ್ಣೆ ಮೇಲಿನ ಗುರುತಿನಲ್ಲೇ ಇತ್ತು.